ಹೆಂಡತಿಯ ಮಗ್ಗುಲು

ಈ ವಾರ ಪೆಡಲ್ ಸ್ಟೀಲ್ ಗಿಟಾರ್ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಜಾನ್ ಹ್ಯೂಯಿ ಅದನ್ನು ನುಡಿಸಿದ್ದನ್ನು ಇನ್ನೊಮ್ಮೆ ಕೇಳೋಣವೆಂದು ಅಮೆರಿಕದ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಅವರ ‘ಫೇಸಸ್ ಆ್ಯಂಡ್ ಸ್ಟೇಜಸ್’ ಎಲ್‌ಪಿ ಹಾಕಿದೆ. ಗಿಟಾರ್ ಮರೆತೇಹೋಯಿತು.

1974ರ ಈ ತಟ್ಟೆಯಲ್ಲಿರುವುದು ಒಂದೇ ವಿಚ್ಛೇದನ. ಮೊದಲ ಮಗ್ಗುಲು ಹೆಂಡತಿಯದು, ಎರಡನೆಯದು ಗಂಡನದು. ಅಷ್ಟರಲ್ಲಿ ನೆಲ್ಸನ್ ಅವರ ಎರಡು ಮದುವೆಗಳು ಮುರಿದಿದ್ದವು. ಹೇಳಿಕೊಳ್ಳಲು ತಮ್ಮದೇ ಸಂಕಟ ಬೇಕಾದಷ್ಟಿದ್ದರೂ ಮೊದಲ ಮಾತನ್ನು ಅವಳಿಗೆ ಬಿಟ್ಟುಕೊಟ್ಟರು.

‘ವಾಷಿಂಗ್ ದ ಡಿಶಸ್’ ಕೇಳಿ. ಜಗಳವಿಲ್ಲ, ಬಾಗಿಲು ಬಡಿದ ಸದ್ದಿಲ್ಲ. ಪಾತ್ರೆ ತೊಳೆಯುವುದು, ನೆಲ ಉಜ್ಜುವುದು, ಅಳುತ್ತಲೇ ಇಸ್ತ್ರಿ ಮಾಡುವುದು. ಅಂಗಿಯ ಕಾಲರಿನಲ್ಲೊಂದು ಕೆಂಪು ಕಲೆ. ಸಂಸಾರ ಮುರಿದದ್ದು ಅಷ್ಟರಲ್ಲೇ ಗೊತ್ತಾಗುತ್ತದೆ. ಹೆಂಡದಂಗಡಿಯಲ್ಲಿ ಕೂತು ಗೋಳಾಡುವ ಗಂಡಸರ ನೂರು ಹಾಡು ಈ ಒಂದು ಕಲೆಗೆ ಸಮವಲ್ಲ.

‘ನ್ಯಾಶ್‌ವಿಲ್ ಸೌಂಡ್’ ಜೊತೆ ನನ್ನ ತಕರಾರು ಹಳೆಯದು. ಅರವತ್ತರ ದಶಕದಲ್ಲಿ ಇದೇ ನೆಲ್ಸನ್ ಅವರ ದನಿಯ ಮೇಲೆ ವಯಲಿನ್, ಕೋರಸ್ ಹೇರಿದ ಪಂಥ ಅದು. ದುಃಖಕ್ಕೆ ಅಲಂಕಾರ ಮಾಡಿದರೆ ದುಃಖ ಉಳಿಯುವುದಿಲ್ಲ. ಈ ತಟ್ಟೆಗಾಗಿ ನಿರ್ಮಾಪಕ ಜೆರ್ರಿ ವೆಕ್ಸ್ಲರ್, ನೆಲ್ಸನ್ ಅವರನ್ನು ಅಲಬಾಮಾದ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೊಗೆ ಕರೆದೊಯ್ದರು. ಅಲ್ಲಿಯವರು ಸೋಲ್ ಸಂಗೀತದಲ್ಲಿ ಪಳಗಿದವರು. ಡ್ರಮ್ಮಿಗೆ ಕೂತ ರಾಜರ್ ಹಾಕಿನ್ಸ್, ಅರೀಥಾ ಫ್ರಾಂಕ್ಲಿನ್ ಅವರ ‘ರೆಸ್ಪೆಕ್ಟ್’ಗೆ ನುಡಿಸಿದವರು. ಹಾಡುವವನಿಗೆ ಉಸಿರಾಡಲು ಜಾಗ ಬಿಡುವುದು ಅವರಿಗೆ ಗೊತ್ತಿತ್ತು.

ಮಗುಚಿ ಹಾಕಿದರೆ ‘ಬ್ಲಡಿ ಮೇರಿ ಮಾರ್ನಿಂಗ್’. ಗಂಡ ಬೆಳಗ್ಗೆಯೇ ಕುಡಿಯುತ್ತ ವಿಮಾನದಲ್ಲಿದ್ದಾನೆ. ಹಾಡೂ ಓಟ ಕಿತ್ತಿದೆ. ಅವಳು ಅಡುಗೆಮನೆಯಲ್ಲಿ ನಿಂತು ಅನುಭವಿಸಿದ್ದರಿಂದ ಇವನು ಪರಾರಿ. ಆದರೆ ಎಷ್ಟು ದೂರ? ಎರಡು ಹಾಡು ದಾಟಿದರೆ ‘ಐ ಸ್ಟಿಲ್ ಕಾಂಟ್ ಬಿಲೀವ್ ಯು ಆರ್ ಗಾನ್’. ಅಲ್ಲಿ ಓಟ ನಿಲ್ಲುತ್ತದೆ. ಇದು ಹುಟ್ಟಿದ್ದು ವಿಚ್ಛೇದನದಿಂದಲ್ಲ. ತಮ್ಮ ಡ್ರಮ್ಮರ್ ಪಾಲ್ ಇಂಗ್ಲಿಷ್ ಅವರ ಹೆಂಡತಿ ತೀರಿಕೊಂಡಾಗ ನೆಲ್ಸನ್ ಕಟ್ಟಿದ ಹಾಡು. ಬಿಟ್ಟುಹೋದವಳ ಕಥೆಯೊಳಗೆ ಸತ್ತವಳ ಶೋಕ ಬಂದು ಕೂತಿದೆ. ಒಂದು ಎಳೆಯೂ ಹೊರಗೆ ಕಾಣುವುದಿಲ್ಲ.

ಈ ಹಾಡುಗಳನ್ನು ಫೋನಿನಲ್ಲಿ ಹಿಂದುಮುಂದಾಗಿ ಕೇಳಬೇಡಿ. ಮೊದಲ ಮಗ್ಗುಲಿನಿಂದಲೇ ಶುರುಮಾಡಿ. ಅವಳ ಮಾತು ಪೂರ್ತಿ ಮುಗಿಯಲಿ. ಆಮೇಲೆ ಅವನ ಅಹವಾಲು ಕೇಳಿ.