ಗಿಡಕ್ಕೆ ಸಂಶೋಧಕರಿದ್ದಾರೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದೊಡನೆ ನಮಗೆ ನೆನಪಾಗುವುದು ವರ್ಜೀನಿಯಾ ತಂಬಾಕು. ಅದರ ಯೋಗಕ್ಷೇಮಕ್ಕೆಂದು 1976ರಲ್ಲಿ ತಂಬಾಕು ಮಂಡಳಿ ಬಂತು. 1947ರಲ್ಲಿ ರಾಜಮಂಡ್ರಿಯಲ್ಲಿ ಆರಂಭವಾದ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಹುಣಸೂರಿನಲ್ಲೂ ಕೇಂದ್ರ ತೆರೆಯಿತು. ಎಲೆಗೆ ರೋಗ ತಗುಲಿದರೆ ನೋಡಲು ವಿಜ್ಞಾನಿಗಳಿದ್ದಾರೆ. ಎಲೆ ಕೀಳುವವರಿಗೆ, ಪೋಣಿಸುವವರಿಗೆ ತಗುಲಿದರೆ?

ಇದು ರೈತನ ಮೇಲಿನ ದೂರಲ್ಲ. ತಂಬಾಕು ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆನ್ನುವ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅಂಗೀಕರಿಸಿದೆ. ಅಂಗೀಕರಿಸಿದ್ದು ದೆಹಲಿ, ಬ್ಯಾರನ್ನಿನ ಮುಂದೆ ರಾತ್ರಿಯಿಡೀ ಸೌದೆ ಒಟ್ಟುವವನು ಇವನು!

ನಮ್ಮ ದೂರಿರುವುದು ಜ್ಞಾನದ ಹಂಚಿಕೆಯ ಬಗ್ಗೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಆರಂಭವಾದ ಕ್ಯಾನ್ಸರ್ ನೋಂದಣಿ ಎಣಿಸಿದ್ದು ಬೆಂಗಳೂರು ನಗರದವರನ್ನು. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವ ಹಾಡಿಯ ಜೇನುಕುರುಬ ಹೆಂಗಸಿನ ವಾಸಿಯಾಗದ ಬಾಯಿಹುಣ್ಣು ಆ ಲೆಕ್ಕಕ್ಕೆ ಬರುವಂತಿರಲಿಲ್ಲ. ಮೈಸೂರು ಭಾಗದಲ್ಲಿ ಸಂಶೋಧನೆಯೇ ನಡೆದಿಲ್ಲವೆಂದಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆ, ಎಚ್‌ಪಿವಿ ಲಸಿಕೆಯ ಬಗ್ಗೆ ಹೆತ್ತವರ ಮನೋಭಾವ ಕುರಿತು ಒಳ್ಳೆಯ ಅಧ್ಯಯನಗಳಾಗಿವೆ. ಆದರೆ ಅವುಗಳಲ್ಲಿ ಆದಿವಾಸಿ ಹೆಣ್ಣುಮಗಳಾಗಲಿ, ಮುಸ್ಲಿಂ ತಾಯಿಯಾಗಲಿ ಹೆಚ್ಚೆಂದರೆ ಉತ್ತರ ಕೊಡುವವಳು. ಪ್ರಶ್ನೆ ಬರೆಯುವವಳು ಯಾವಾಗ?

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2001ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ಸ್ಥಾಪಿಸಿತು. ರೋಗದ ಹೊರೆ ಹೆಚ್ಚು ಹೊತ್ತ ಸಮುದಾಯಗಳ ಮಕ್ಕಳನ್ನೇ ಶಾಲಾ ಹಂತದಿಂದ ಸಂಶೋಧನೆಗೆ ತಯಾರುಮಾಡುವುದು ಅದರ ಕೆಲಸವಾಯಿತು. ಅಷ್ಟು ದೂರವೇಕೆ, ಪಕ್ಕದ ತಿರುವನಂತಪುರವನ್ನೇ ನೋಡೋಣ. ಅಲ್ಲಿ 1996ರಲ್ಲಿ 13 ಪಂಚಾಯತ್‌ಗಳಲ್ಲಿ ಶುರುವಾದ ಅಧ್ಯಯನದಲ್ಲಿ ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯಿತೆಂದು 2005ರಲ್ಲಿ ಪ್ರಕಟವಾಯಿತು. ಬೇಕಾದದ್ದು ಬೆಳಕು, ಕಣ್ಣು, ತರಬೇತಿ ಮತ್ತು ಸಂಬಳ.

ಹುಣಸೂರು, ಕೋಟೆಗಳಲ್ಲಿ ಪದವಿ ಮುಗಿಸಿ ಕುಳಿತ ಹುಡುಗಿಯರಿಲ್ಲವೇ? ಬಾಯಿ ತೆರೆಯಿರಿ ಎಂದು ಅಪರಿಚಿತ ಗಂಡಸು ಕೇಳಿದರೆ ಸೆರಗು ಬಾಯಿಗೆ ಹೋಗುತ್ತದೆ. ಜೇನುನುಡಿಯಲ್ಲೋ ಮನೆಯ ಉರ್ದುವಿನಲ್ಲೋ ಪಕ್ಕದ ಬೀದಿಯ ಹುಡುಗಿ ಕೇಳಿದರೆ ಮಾತೇ ಬೇರೆ. ಅವಳು ಹೊಗೆಸೊಪ್ಪಿನ ಬಗ್ಗೆ ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಹುಣ್ಣಾಗಿ ಆರು ತಿಂಗಳಾದರೂ ಆಸ್ಪತ್ರೆಗೆ ಏಕೆ ಹೋಗಲಿಲ್ಲ, ಒಂದು ದಿನದ ಕೂಲಿ ಬಿಟ್ಟರೆ ಮನೆಯಲ್ಲಿ ಏನಾಗುತ್ತದೆ ಎಂದೂ ಕೇಳುತ್ತಾಳೆ. ಏಕೆಂದರೆ ಅದು ಅವಳ ಮನೆಯದೂ ಕಥೆ.

ಹಣವೆಲ್ಲಿ ಎನ್ನುವವರು ಸಿಗರೇಟಿನಿಂದ ಬೊಕ್ಕಸಕ್ಕೆ ಬರುವ ತೆರಿಗೆಯ ಲೆಕ್ಕವನ್ನೊಮ್ಮೆ ತೆಗೆದು ನೋಡಲಿ.