ಒಂದೇ ಮಧ್ಯಾಹ್ನದ ಹಾಳೆಗಳು

ಕಾಲೇಜು ವಿದ್ಯಾರ್ಥಿಗಳಿಗೆ ಒಂದೇ ಮಧ್ಯಾಹ್ನ ಮೂರು ಪ್ರಶ್ನಾವಳಿ ಹಂಚುವುದು ಮನಃಶಾಸ್ತ್ರದ ಸಂಶೋಧನೆಯಲ್ಲಿ ರೂಢಿಯಾಗಿದೆ. ಒಂದು ಆಪ್ತರೊಂದಿಗಿನ ಬಾಂಧವ್ಯದ ಬಗೆಯನ್ನು ಕೇಳುತ್ತದೆ, ಇನ್ನೊಂದು ಭಾವನೆಗಳನ್ನು ಸಂಭಾಳಿಸುವ ಕಷ್ಟವನ್ನು. ಮೂರನೆಯದು ಡಿಸೋಸಿಯೇಷನ್ ಅಳೆಯುತ್ತದೆ: ತನ್ನ ದೇಹ, ನೆನಪು, ಸುತ್ತಲಿನ ಲೋಕದಿಂದ ಮನಸ್ಸು ಕಳಚಿಕೊಳ್ಳುವ ಸ್ಥಿತಿ. ಮೂರರ ಅಂಕಗಳೂ ಒಟ್ಟಿಗೆ ಏರಿದರೆ ತೀರ್ಮಾನ ಸಿದ್ಧ. ಅಭದ್ರ ಬಾಂಧವ್ಯ ಭಾವನಿಯಂತ್ರಣವನ್ನು ಕೆಡಿಸುತ್ತದೆ, ಅದರಿಂದ ಡಿಸೋಸಿಯೇಷನ್ ಹುಟ್ಟುತ್ತದೆ. ನಂಟು ಇದೆ, ಒಪ್ಪುತ್ತೇನೆ. ಯಾವುದರಿಂದ ಯಾವುದು ಎಂಬುದನ್ನು ಮಾತ್ರ ಈ ಹಾಳೆಗಳ ಬಲದಿಂದ ಒಪ್ಪಲಾರೆ.

2004ರಲ್ಲಿ ಗ್ರಾಟ್ಜ್ ಮತ್ತು ರೋಮರ್ ರೂಪಿಸಿದ ಭಾವನಿಯಂತ್ರಣದ ಮಾಪನವನ್ನೇ ನೋಡಿ. ತನಗೆ ಏನನ್ನಿಸುತ್ತಿದೆ ಎಂದೇ ತಿಳಿಯದಿರುವುದು ಅದರ ಒಂದು ಭಾಗ. ಡಿಸೋಸಿಯೇಷನ್ ಅನುಭವಿಸುವವರ ಪಾಡೂ ಹೆಚ್ಚುಕಡಿಮೆ ಅದೇ. ಒಂದೇ ಸಂಕಟವನ್ನು ಎರಡು ಹೆಸರಿನಲ್ಲಿ ಅಳೆದರೆ ಹೊಸದೇನು ತಿಳಿದಂತಾಯಿತು?

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಇಟಲಿಯ ಜೊವಾನ್ನಿ ಲಿಯೊಟ್ಟಿ 1992ರಲ್ಲಿ ಡಿಸೋಸಿಯೇಷನ್ನಿನ ಬೇರನ್ನು ಹುಡುಕಿದ್ದು ಮೇರಿ ಮೇನ್ ಮತ್ತು ಜೂಡಿತ್ ಸಾಲೊಮನ್ ಗುರುತಿಸಿದ್ದ ಅಸ್ತವ್ಯಸ್ತ ಬಾಂಧವ್ಯದಲ್ಲಿ. ಅಲ್ಲಿ ತಾಯಿಯತ್ತ ಹೊರಟ ಮಗು ನಡುದಾರಿಯಲ್ಲೇ ಮರಗಟ್ಟಿ ನಿಲ್ಲುತ್ತದೆ. ಮುಖ ಬೇರೆಡೆ ತಿರುಗಿಸಿಕೊಂಡೇ ಹತ್ತಿರ ಬರುತ್ತದೆ. ಆಸರೆಯಾಗಬೇಕಾದವರಿಂದಲೇ ಭಯವಾದಾಗ ಅದಕ್ಕೆ ಓಡಲೂ ಆಗದು, ಅಪ್ಪಲೂ ಆಗದು. ತಮ್ಮ ಪ್ರೇಮಸಂಬಂಧದ ಬಗ್ಗೆ ಟಿಕ್ ಹಾಕುವ ಇಪ್ಪತ್ತರ ಹರೆಯದವರ ಉತ್ತರದಲ್ಲಿ ಇದು ಸಿಗುವುದಾದರೂ ಹೇಗೆ?

ಹಾಗಾಗಿ ಅಮೆರಿಕದ ಮಿನ್ನೆಸೋಟಾದ ಅಧ್ಯಯನಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. 1970ರ ದಶಕದಲ್ಲಿ ಬಡ ತಾಯಂದಿರಿಗೆ ಹುಟ್ಟಿದ ಮಕ್ಕಳನ್ನು ಅದು 19ರ ವಯಸ್ಸಿನವರೆಗೂ, ಆಮೇಲೂ ಗಮನಿಸಿತು. ಶೈಶವದ ಅಸ್ತವ್ಯಸ್ತ ಬಾಂಧವ್ಯವೂ ಪೋಷಕರು ಮನಸ್ಸಿನಿಂದ ದೂರವಿದ್ದದ್ದೂ ಮುಂದಿನ ಡಿಸೋಸಿಯೇಷನ್ನಿನ ಮುನ್ಸೂಚನೆಗಳೆಂದು 1997ರ ವರದಿ ತೋರಿಸಿತು. 2009ರಲ್ಲಿ ಕಾರ್ಲೆನ್ ಲಯನ್ಸ್-ರೂತ್ ಅವರ ತಂಡ ಇನ್ನೂ ಕಲಕುವ ಮಾತು ಹೇಳಿತು: ಎಳೆಯ ಮಗುವಿಗೆ ತಾಯಿ ಭಾವನಾತ್ಮಕವಾಗಿ ಸ್ಪಂದಿಸದಿರುವುದು ಮುಂದಿನ ದೈಹಿಕ, ಲೈಂಗಿಕ ದೌರ್ಜನ್ಯಗಳಿಗಿಂತ ಡಿಸೋಸಿಯೇಷನ್ನಿನ ಬಲವಾದ ಸೂಚಕ. ಗುಂಪು ಸಣ್ಣದು, ನಿಜ. ಇದನ್ನು ತಾಯಂದಿರ ಮೇಲಿನ ದೂರಾಗಿ ಓದುವುದಂತೂ ಅನ್ಯಾಯ. ಬಡತನದಲ್ಲಿ ಕುಸಿದ ತಾಯಿಗೆ ಯಾರು ಸ್ಪಂದಿಸಿದ್ದರು?

ಚಿಕಿತ್ಸೆ ಯಾವ ದಾರಿ ಹಿಡಿಯಬೇಕು ಎಂಬುದೂ ಯಾವುದರಿಂದ ಯಾವುದು ಎಂಬ ಪ್ರಶ್ನೆಯ ಮೇಲೆಯೇ ನಿಂತಿದೆ. ಭಾವನಿಯಂತ್ರಣವೇ ಕೊಂಡಿಯೆಂದು ನಂಬಿದರೆ ಉಸಿರಾಟದ ಅಭ್ಯಾಸ ಕಲಿಸಿ ಕಳಿಸಬಹುದು. ಸಂಬಂಧವೇ ಮೂಲವಾದರೆ, ಹತ್ತಿರವಾದಷ್ಟೂ ಹೆದರುವ ವ್ಯಕ್ತಿಯೊಡನೆ ತಿಂಗಳುಗಟ್ಟಲೆ ಕೂರಬಲ್ಲ ಚಿಕಿತ್ಸಕರು ಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದ ಸರದಿಯಲ್ಲಿ ಅಷ್ಟು ಹೊತ್ತು ಸಿಗುವುದು ದುರ್ಲಭ.