ಕ್ಲೊಂಪ್: ಕಾಲಿಗೋ ಕಪಾಟಿಗೋ

ಆಮ್‌ಸ್ಟರ್‌ಡ್ಯಾಮಿನ ಉತ್ತರಕ್ಕೆ, ಝಾನ್ ನದಿಯ ದಂಡೆಯಲ್ಲಿ, ಗಾಳಿಗಿರಣಿಗಳನ್ನೂ ಹಳೆಯ ಮರದ ಮನೆಗಳನ್ನೂ ಒಟ್ಟುಗೂಡಿಸಿ ನಿಲ್ಲಿಸಿದ ಝಾನ್ಸೆ ಸ್ಕಾನ್ಸ್ ಎಂಬ ಜಾಗವಿದೆ. ಅಲ್ಲಿಗೆ ಬಂದವರು ತಪ್ಪದೆ ನೋಡುವುದು ಕ್ಲೊಂಪ್ ಎಂಬ ಮರದ ಜೋಡು ಮಾಡುವ ಪ್ರದರ್ಶನ. ಹಸಿ ಮರದ ತುಂಡೊಂದನ್ನು ಯಂತ್ರಕ್ಕೆ ಕಚ್ಚಿಸುತ್ತಾರೆ. ಪಕ್ಕದಲ್ಲೇ ತಿರುಗುವ ಮಾದರಿ ಜೋಡಿನ ಮೈಯನ್ನು ಒಂದು ಚಕ್ರ ಸವರುತ್ತ ಹೋದಂತೆ, ಅದರ ಜೊತೆಗೇ ಸರಿಯುವ ಅಲಗು ಹಸಿ ಮರವನ್ನು ಅದೇ ಆಕಾರಕ್ಕೆ ಕೆತ್ತುತ್ತದೆ. ಇನ್ನೊಂದು ಯಂತ್ರ ಒಳಗನ್ನು ಕೊರೆಯುತ್ತದೆ. ಎಲ್ಲ ಸೇರಿ ಕೆಲವೇ ನಿಮಿಷ. ಕೊನೆಗೆ ಕುಶಲಕರ್ಮಿ ಜೋಡಿನೊಳಗೆ ಬಾಯಿಟ್ಟು ಊದಿದರೆ ಮರದ ಎಳೆಗಳ ನಡುವಿನಿಂದ ನೀರು ಚಿಮ್ಮುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಈ ಪ್ರದರ್ಶನದಲ್ಲಿ ಸುಳ್ಳೇನೂ ಇಲ್ಲ. ಇಂದು ನೆದರ್‌ಲ್ಯಾಂಡ್ಸ್‌ನಲ್ಲಿ ಮಾರಾಟವಾಗುವ ಬಹುಪಾಲು ಕ್ಲೊಂಪ್ ತಯಾರಾಗುವುದು ಹೀಗೆಯೇ. ನನ್ನ ತಕರಾರು ಬೇರೆ. ಅದು ಕಸುಬಿನ ವೇಗವನ್ನು ತೋರಿಸುತ್ತದೆ, ವಿವೇಕವನ್ನು ತೋರಿಸುವುದಿಲ್ಲ. ನೋಡಿದವರು ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡುತ್ತಾರೆ. ಒಳಗಿನ ಟೊಳ್ಳು ಯಾರ ಗಮನಕ್ಕೂ ಬರುವುದಿಲ್ಲ. ಕ್ಲೊಂಪ್ ಎಂಬ ಪಾದರಕ್ಷೆಯ ಅಸಲಿ ಸಾಧನೆ ಇರುವುದೇ ಆ ಟೊಳ್ಳಿನಲ್ಲಿ.

ಮರದ ಪಾದರಕ್ಷೆ ಎಂದಾಗ ನಮಗೆ ನೆನಪಾಗುವುದು ಹಾವುಗೆ: ಒಂದು ಹಲಗೆ, ಬೆರಳ ಸಂದಿಗೊಂದು ಗುಬುಟು, ಮೇಲೆಲ್ಲ ತೆರೆದ ಪಾದ. ಕ್ಲೊಂಪ್‌ನ ಸಮಸ್ಯೆ ಅದಕ್ಕಿಂತ ಎಷ್ಟೋ ಕಠಿಣ. ಒಂದೇ ದಿಮ್ಮಿಯ ತುಂಡಿನಲ್ಲಿ, ಮೊಳೆ ಅಂಟು ಹೊಲಿಗೆ ಯಾವುದೂ ಇಲ್ಲದೆ, ಇಡೀ ಪಾದ ಹೋಗಿ ಕೂರುವ ಗುಹೆಯನ್ನು ತೋಡಬೇಕು. ಚರ್ಮ ನಾಲ್ಕು ದಿನ ಹಾಕಿಕೊಂಡರೆ ಕಾಲಿಗೆ ಒಗ್ಗುತ್ತದೆ. ಮರ ಒಗ್ಗುವುದಿಲ್ಲ. ಆದ್ದರಿಂದ ಪಾದದ ಉಬ್ಬುತಗ್ಗುಗಳನ್ನೆಲ್ಲ ಮಾಡುವವನೇ ಮೊದಲೇ ಲೆಕ್ಕ ಹಾಕಿರಬೇಕು.

ಇಂಥ ಜೋಡಿನ ಹಳೆಯ ಸಾಕ್ಷಿ ಆಮ್‌ಸ್ಟರ್‌ಡ್ಯಾಮಿನ ನ್ಯೂವನ್‌ಡೈಕ್ ಬೀದಿಯ ಉತ್ಖನನದಲ್ಲಿ ಸಿಕ್ಕಿದೆ. ಸುಮಾರು 1230ರದ್ದು, ಆಲ್ಡರ್ ಮರದ್ದು. ರಾಟರ್‌ಡ್ಯಾಮಿನಲ್ಲಿ ಸಿಕ್ಕ ಇನ್ನೊಂದು ಸುಮಾರು 1280ರ ಕಾಲದ್ದು. ಅದಕ್ಕೂ ಹಿಂದೆ ಇರಲಿಲ್ಲವೆಂದು ಇದರರ್ಥವಲ್ಲ. ಸವೆದ ಕ್ಲೊಂಪ್ ಹೋಗುತ್ತಿದ್ದುದು ಒಲೆಗೆ, ಉಳಿದದ್ದು ಮಣ್ಣಲ್ಲಿ ಕೊಳೆಯುತ್ತಿತ್ತು. ಯಾನ್ ವ್ಯಾನ್ ಐಕ್ 1434ರಲ್ಲಿ ಬರೆದ ಅರ್ನೋಲ್ಫಿನಿ ದಂಪತಿಯ ಚಿತ್ರದಲ್ಲಿ ಎಡಗಡೆ ಕೆಳಗೆ ಬಿಟ್ಟಿರುವ ಮರದ ಜೋಡನ್ನು ಕೆಲವರು ಕ್ಲೊಂಪ್ ಎಂದುಕೊಳ್ಳುವುದುಂಟು. ಅದು ಬೇರೆ ಜಾತಿ. ಬೀದಿಯ ಕೆಸರು ತಾಗದಿರಲೆಂದು ಉಳ್ಳವರು ತಮ್ಮ ಮೆದು ಪಾದರಕ್ಷೆಯ ಅಡಿಗೆ ಕಟ್ಟಿಕೊಳ್ಳುತ್ತಿದ್ದ ಎತ್ತರದ ಮರದಟ್ಟೆ ಅದು. ಕ್ಲೊಂಪ್ ಕೆಸರಿನಲ್ಲೇ ದುಡಿಯುವವರದು.

ಅವರ ನೆಲವನ್ನು ನೆನೆಯದೆ ಈ ಜೋಡಿಗೆ ಬೆಲೆ ಕಟ್ಟಲಾಗದು. ಸಮುದ್ರಮಟ್ಟಕ್ಕಿಂತ ತಗ್ಗಿನ ಹುಲ್ಲುಗಾವಲು, ಕಾಲಿಟ್ಟರೆ ನೀರು ಒಸರುವ ಜವುಗು, ವರ್ಷದ ಬಹುಕಾಲ ತೇವ. ಅಲ್ಲಿ ಚರ್ಮ ದುಬಾರಿ, ಸಾಲದ್ದಕ್ಕೆ ಬೇಗ ಕೊಳೆಯುತ್ತದೆ. ಮರ ಶೀತವನ್ನು ಒಳಬಿಡುವುದು ನಿಧಾನ. ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ಒಳಗೆ ಒಂದು ಹಿಡಿ ಹುಲ್ಲು ತುರುಕಿದರೆ ಚಳಿಗಾಲವೂ ಕಳೆಯುತ್ತಿತ್ತು. ಹಸು ಕಾಲು ತುಳಿದರೂ ಬೆರಳು ಉಳಿಯುತ್ತಿತ್ತು. ಮನೆಯ ಬಾಗಿಲಲ್ಲಿ ಬಿಟ್ಟು ಬರಿ ಕಾಲುಚೀಲದಲ್ಲಿ ಒಳಗೆ ನಡೆದರೆ ನೆಲ ಶುಚಿ. ಮೇಲೆ ಬಿರುಕು ಬಿಟ್ಟರೆ ತಂತಿ ಸುತ್ತಿ ಬಿಗಿಯುತ್ತಿದ್ದರು. ಬಡವರ ಪಾದರಕ್ಷೆ ಎಂದು ಇದನ್ನು ಒಂದು ಮಾತಿನಲ್ಲಿ ತಳ್ಳಿಹಾಕುವವರಿದ್ದಾರೆ. ಅಗ್ಗವೆಂಬುದು ನಿಜ, ಆದರೆ ಆ ನೆಲಕ್ಕೆ ಇದಕ್ಕಿಂತ ಒಳ್ಳೆಯದು ರಬ್ಬರ್ ಬೂಟು ಬರುವವರೆಗೆ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಕೈಕಸುಬು. ವಿಲ್ಲೋ ಅಥವಾ ಪೋಪ್ಲರ್ ದಿಮ್ಮಿಯನ್ನು ಹಸಿಯಿದ್ದಾಗಲೇ ಜೋಡಿನ ಉದ್ದಕ್ಕೆ ತುಂಡು ಮಾಡಿ, ಬೆಣೆ ಬಡಿದು ಸೀಳುತ್ತಾರೆ. ಒಣಗಿದ ಮರವನ್ನು ಈ ರೀತಿ ತೋಡಲಾಗದು. ಎಡಗಾಲಿನದೂ ಬಲಗಾಲಿನದೂ ಒಂದೇ ದಿಮ್ಮಿಯಿಂದ ಬರಬೇಕು, ಇಲ್ಲದಿದ್ದರೆ ಒಣಗುವಾಗ ಒಂದು ಹೆಚ್ಚು ಕುಗ್ಗಿ ಒಂದು ಕಡಿಮೆ ಕುಗ್ಗಿ ಜೋಡಿ ತಪ್ಪುತ್ತದೆ. ಕೊಡಲಿಯಿಂದ ಒರಟು ರೂಪ, ಬಾಚಿಯಿಂದ ಹಿಮ್ಮಡಿಯ ತಗ್ಗು. ಆಮೇಲೆ ಬರುವುದು ಈ ಕಸುಬಿನದೇ ವಿಶೇಷ ಆಯುಧ, ಪಾಲ್‌ಮೆಸ್. ಉದ್ದನೆಯ ಅಲಗು, ಒಂದು ತುದಿಯ ಕೊಕ್ಕೆ ಕೆಲಸದ ಮಣೆಯ ಬಳೆಗೆ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿಯ ಹಿಡಿ ಕಸುಬುದಾರನ ಕೈಯಲ್ಲಿ. ಸನ್ನೆಗೋಲಿನ ಬಲ ಸಿಗುವುದರಿಂದ ದಪ್ಪ ಚಕ್ಕೆಯೂ ಒಂದೇ ಒತ್ತಿಗೆ ಹಾರುತ್ತದೆ, ಕೊಂಚ ಓರೆ ಮಾಡಿದರೆ ತೆಳು ಸಿಪ್ಪೆಯೂ ಏಳುತ್ತದೆ. ಎಡಗಾಲಿನ ಜೋಡನ್ನು ನೋಡಿಕೊಂಡು ಅದರ ಕನ್ನಡಿಬಿಂಬವನ್ನು ಬಲಗಾಲಿಗೆ ಕಣ್ಣಳತೆಯಲ್ಲೇ ಕೆತ್ತುತ್ತಾರೆ.

ಹೊರಗಿನ ರೂಪ ಮುಗಿದ ಮೇಲೆ ಎರಡನ್ನೂ ಮಣೆಯಲ್ಲಿ ಬೆಣೆ ಹೊಡೆದು ಬಿಗಿದು ಒಳಗೆ ತೋಡಲು ತೊಡಗುತ್ತಾರೆ. ಚಮಚದಂಥ ಬಾಯಿಯ ಬೈರಿಗೆಗಳು, ಸಣ್ಣದರಿಂದ ದೊಡ್ಡದಕ್ಕೆ. ಬೆರಳುಗಳ ಕಡೆ ಕೊರೆಯುವಾಗ ಬೈರಿಗೆಯ ತುದಿ ಕಾಣಿಸುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಕೈಗೆ ತಾಗುವ ಎದುರೊತ್ತು. ಒಂದು ಸುತ್ತು ಹೆಚ್ಚಾದರೆ ಮೂತಿ ತೂತು ಬಿದ್ದು ಅಷ್ಟೂ ಹೊತ್ತಿನ ಕೆಲಸ ಹಾಳು. ಒಂದು ಸುತ್ತು ಕಡಿಮೆಯಾದರೆ ಹೆಬ್ಬೆರಳು ನೋಯುತ್ತದೆ. ಕೊನೆಗೆ ಕೊಕ್ಕೆಗತ್ತಿಯಿಂದ ಒಳಗೋಡೆಯನ್ನು ಹೆರೆದು ನುಣುಪು ಮಾಡುತ್ತಾರೆ. ಪಾದದ ಮೇಲಿನ ಉಬ್ಬಿಗೆ ಮರ ಒತ್ತುವ ಜಾಗವೊಂದಿದೆ, ಜೋಡು ಕಾಲಲ್ಲಿ ನಿಲ್ಲುವುದೂ ಕಾಲನ್ನು ಕಡಿಯುವುದೂ ಅಲ್ಲಿಯೇ. ಹಿಮ್ಮಡಿಯ ಹಿಂದೆ ಒಂದು ಬೆರಳಿನಷ್ಟು ಎಡೆಯಿರಬೇಕು. ಹಳ್ಳಿಯ ಕಸುಬುದಾರನಿಗೆ ತನ್ನ ಗಿರಾಕಿಗಳ ಪಾದ ಗೊತ್ತಿರುತ್ತಿತ್ತು, ಯಾರ ಪಾದದ ಉಬ್ಬು ಎತ್ತರ, ಯಾರ ಗೆಣ್ಣು ಹೊರಚಾಚಿದೆ ಎಂದು. ಆ ತಿಳಿವಳಿಕೆಯನ್ನು ಬೈರಿಗೆಯ ಮೂಲಕ ಮರಕ್ಕೆ ಇಳಿಸುವುದೇ ಕಸುಬು. ಹೊರಗಿನ ಚೂಪು ಮೂತಿ, ದುಂಡು ಮೂತಿಗಳೆಲ್ಲ ಊರೂರಿನ ರೂಢಿ.

ಅಲಂಕಾರದ ವಿಷಯದಲ್ಲೂ ಬೆಲೆ ಬರುವುದು ಯಾರಿಗಾಗಿ ಎಂಬುದರಿಂದಲೇ. ಮಾರ್ಕನ್ ದ್ವೀಪದಲ್ಲಿ ಮದುವೆಯಾಗಲಿರುವ ಹುಡುಗ ತನ್ನ ಹುಡುಗಿಗಾಗಿ ಕ್ಲೊಂಪ್ ಮೇಲೆ ಸೂಕ್ಷ್ಮವಾಗಿ ಕೆತ್ತುತ್ತಿದ್ದ. ಆ ಕೆತ್ತನೆಯಲ್ಲಿ ಒಬ್ಬರು ಇನ್ನೊಬ್ಬರಿಗಾಗಿ ಕೊಟ್ಟ ಹೊತ್ತು ಇದೆ. ವಿಮಾನ ನಿಲ್ದಾಣದ ಅಂಗಡಿಯ ಹಳದಿ ಜೋಡಿನ ಮೇಲೆ ಬಳಿದ ಗಾಳಿಗಿರಣಿಯಲ್ಲಿ ಅದಿಲ್ಲ.

ಮರದ ಕಥೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗದು. ದಕ್ಷಿಣದ ಬ್ರಬಾಂಟ್ ಪ್ರಾಂತ್ಯದಲ್ಲಿ, ಸಿಂಟ್ ಊಡನ್‌ರೋಡ, ಬೆಸ್ಟ್ ಮುಂತಾದ ಊರುಗಳ ಸುತ್ತ, ರಸ್ತೆಯಂಚಿನಲ್ಲಿ ಸಾಲು ಸಾಲು ಪೋಪ್ಲರ್ ನಿಂತಿವೆ. ತನ್ನ ಹೊಲಕ್ಕೆ ಹೊಂದಿಕೊಂಡ ಸಾರ್ವಜನಿಕ ಅಂಚಿನಲ್ಲಿ ಮರ ನೆಡುವ ಹಕ್ಕು ಅಲ್ಲಿನ ರೈತನಿಗೆ ಹಿಂದಿನಿಂದಲೂ ಇತ್ತು. ಬೇಗ ಬೆಳೆಯುವ ಆ ಮರ ಕ್ಲೊಂಪ್ ಮಾಡುವವರಿಗೂ ಐಂಡ್‌ಹೋವನ್‌ನ ಬೆಂಕಿಕಡ್ಡಿ ಕಾರ್ಖಾನೆಗಳಿಗೂ ಬೇಕಾಗುತ್ತಿತ್ತು. ವಿನ್ಸೆಂಟ್ ವ್ಯಾನ್ ಗೋ 1883ರಿಂದ 1885ರವರೆಗೆ ಇದೇ ಸೀಮೆಯ ನ್ಯೂನನ್‌ನಲ್ಲಿದ್ದಾಗ ಆ ಸಾಲುಗಳನ್ನು ಚಿತ್ರಿಸಿದ. ಅದಕ್ಕೂ ಮೊದಲು, 1881ರಲ್ಲಿ, ಅವನು ಎಣ್ಣೆಬಣ್ಣ ಹಿಡಿದು ಮಾಡಿದ ಆರಂಭದ ಕೆಲಸಗಳಲ್ಲೊಂದು ಎಲೆಕೋಸಿನ ಪಕ್ಕದಲ್ಲಿ ಬಿಟ್ಟ ಒಂದು ಜೊತೆ ಕ್ಲೊಂಪ್. ಅಲ್ಲಿ ಅವು ರಾಷ್ಟ್ರದ ಲಾಂಛನಗಳಲ್ಲ, ತರಕಾರಿಯ ಜೊತೆಗಿರುವ ಮನೆಯ ಸಾಮಾನು.

ಯಂತ್ರವನ್ನು ನಾನು ದೂರುವುದಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದು ಬಾರದಿದ್ದರೆ ಕ್ಲೊಂಪ್ ಬಹುಶಃ ಪೂರ್ತಿ ಅಳಿಯುತ್ತಿತ್ತು. ಎರಡು ಮಹಾಯುದ್ಧಗಳಲ್ಲಿ ಚರ್ಮದ ಬರ ಬಂದಾಗ ಜನರ ಕಾಲನ್ನು ಕಾಪಾಡಿದ್ದೂ ಮರವೇ. ಯುದ್ಧ ಮುಗಿದ ಮೇಲೆ ರಬ್ಬರ್ ಬೂಟು ಅಗ್ಗವಾಯಿತು, ಟಾರು ರಸ್ತೆಯಲ್ಲಿ ಮರದ ಅಟ್ಟೆ ಬೇಗ ಸವೆಯಿತು, ಗಿರಾಕಿಗಳು ಕರಗಿದರು. ಆದರೂ ತೋಟದಲ್ಲಿ, ಕೊಟ್ಟಿಗೆಯಲ್ಲಿ ಇಂದಿಗೂ ಹಾಕಿಕೊಳ್ಳುವವರಿದ್ದಾರೆ. ದುಡಿಮೆಯವರ ರಕ್ಷಣಾ ಸಾಧನಗಳಿಗೆ ಯುರೋಪು 1989ರಲ್ಲಿ ನಿಯಮ ತಂದ ಮೇಲೆ ಕ್ಲೊಂಪ್ ಕೂಡ ಪರೀಕ್ಷೆಗೆ ಕೂತು ಸುರಕ್ಷತೆಯ ಸಿಇ ಗುರುತು ಪಡೆಯಿತು. ಯಂತ್ರದ ಜೋಡು ಗಟ್ಟಿಯಾದ ಒಳ್ಳೆಯ ವಸ್ತು ಎನ್ನಲು ಇಷ್ಟು ಸಾಕು. ಅದಕ್ಕೆ ಸಾಧ್ಯವಾಗದ್ದು ಒಂದೇ: ಈ ಪಾದ, ಇವರ ಪಾದ ಎಂದು ನೋಡುವುದು. ಅದು ಅಳತೆಯ ಸಂಖ್ಯೆಗೆ ಕೊರೆಯುತ್ತದೆ. ಉಬ್ಬು ಎತ್ತರವಿರುವವರು ಒಂದಳತೆ ದೊಡ್ಡದನ್ನು ಕೊಂಡು ಜಾರುತ್ತ ನಡೆಯಬೇಕಾಗುತ್ತದೆ. ಕ್ಲೊಂಪ್ ಅಂದರೆ ನಡೆಯಲಾಗದ ಪಾದರಕ್ಷೆ ಎಂದು ಪ್ರವಾಸಿಗರು ಹೇಳುವ ಮಾತು ಹುಟ್ಟುವುದು ಹೀಗೆ.

ವಿಕ್ಟರ್ ಅಂಡ್ ರೋಲ್ಫ್ ಎಂಬ ಡಚ್ ವಿನ್ಯಾಸಕಾರರು 2007ರಲ್ಲಿ ಕ್ಲೊಂಪ್‌ಗೆ ಎತ್ತರದ ಹಿಮ್ಮಡಿ ಕೊಟ್ಟು ಫ್ಯಾಷನ್ ವೇದಿಕೆಗೆ ತಂದರು. ಅಮೆರಿಕದ ಮಿಶಿಗನ್‌ನ ಹಾಲೆಂಡ್ ಎಂಬ ಊರಿನ ಟ್ಯುಲಿಪ್ ಹಬ್ಬದಲ್ಲಿ ಮಕ್ಕಳು ಹಲವು ಜೊತೆ ಕಾಲುಚೀಲ ಹಾಕಿಕೊಂಡು ಕ್ಲೊಂಪ್ ಕುಣಿತ ಕುಣಿಯುತ್ತಾರೆ. ಎರಡರಲ್ಲಿ ನನಗೆ ಹೆಚ್ಚು ಹಿಡಿಸುವುದು ಆ ಮಕ್ಕಳ ಕುಣಿತ. ಅಲ್ಲಿ ಜೋಡು ನೆಲಕ್ಕೆ ಬಡಿಯುತ್ತದೆ, ಮೈಗೆ ಭಾರ ತಿಳಿಯುತ್ತದೆ.

ನೆದರ್‌ಲ್ಯಾಂಡ್ಸ್‌ಗೆ ಕಸುಬನ್ನು ಉಳಿಸಿಕೊಳ್ಳುವ ದಾರಿ ಗೊತ್ತಿಲ್ಲವೆಂದಲ್ಲ. ಗಾಳಿಗಿರಣಿಗಳ ವಿಷಯದಲ್ಲಿ 1972ರಲ್ಲೇ ಸ್ವಯಂಸೇವಕ ಗಿರಣಿಗಾರರ ಸಂಘ ಕಟ್ಟಿ, ಗಾಳಿ ಓದುವುದನ್ನೂ ಪಟ ಬಿಚ್ಚುವುದನ್ನೂ ಹೊಸಬರಿಗೆ ಕಲಿಸಿದರು. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಗಿರಣಿಯ ಕಟ್ಟಡವಲ್ಲ, ಗಿರಣಿಗಾರನ ಕೌಶಲ. ಕ್ಲೊಂಪ್‌ಗೆ ಈ ಭಾಗ್ಯ ಅದೇ ಪ್ರಮಾಣದಲ್ಲಿ ಬಂದಿಲ್ಲ. ಈಲ್ಡೆ, ಎಂಟರ್ ಊರುಗಳ ಕ್ಲೊಂಪ್ ಸಂಗ್ರಹಾಲಯಗಳು ಉಪಕರಣಗಳನ್ನು ಪ್ರೀತಿಯಿಂದ ಕಾಯ್ದಿವೆ. ಆದರೆ ಗೋಡೆಗೆ ತೂಗಿದ ಬೈರಿಗೆ ಕೈಗೆ ಏನನ್ನೂ ಕಲಿಸಲಾರದು.

ಪ್ರದರ್ಶನ ನಡೆಸುವವರು ಒಂದು ಕೆಲಸ ಮಾಡಬಹುದು. ಕೈಯಲ್ಲಿ ಮಾಡಿದ ಒಂದು ಕ್ಲೊಂಪನ್ನು, ಯಂತ್ರದಲ್ಲಿ ಮಾಡಿದ ಒಂದನ್ನು, ಎರಡನ್ನೂ ಮೂತಿಯಿಂದ ಹಿಮ್ಮಡಿಯವರೆಗೆ ಗರಗಸದಿಂದ ಉದ್ದಕ್ಕೆ ಸೀಳಿ ಅಕ್ಕಪಕ್ಕ ಇಡಲಿ. ಬಂದವರು ಒಳಗೋಡೆಯ ಮೇಲೆ ಬೆರಳಾಡಿಸಿ, ಪಾದದ ಉಬ್ಬಿಗೆಂದು ಎಲ್ಲಿ ಎಷ್ಟು ತೋಡಿದ್ದಾರೆ, ಅಟ್ಟೆಯಲ್ಲಿ ಎಲ್ಲಿ ಎಷ್ಟು ದಪ್ಪ ಬಿಟ್ಟಿದ್ದಾರೆ ಎಂದು ತಾವೇ ಅಳೆಯಲಿ. ಪಕ್ಕದಲ್ಲೇ ಹಸಿ ವಿಲ್ಲೋ ತುಂಡೊಂದನ್ನು ಬಿಗಿದಿಟ್ಟು, ಬೇಕೆಂದವರ ಕೈಗೆ ಬೈರಿಗೆ ಕೊಡಲಿ.